ನನ್ನ ಹೊಟ್ಟೆಯೊಳಗಿನ ಕಲ್ಲು

ನಾನು ಒಂದು ಉಗಿ ಎಂಜಿನ್. ನನ್ನ ಸಂಖ್ಯೆ ಮುನ್ನೂರ ಹದಿನೇಳು. ಕಡಲಾಚೆಯ ಯಾವುದೋ ಕಾರ್ಖಾನೆಯಲ್ಲಿ ನನ್ನ ಅಂಗಾಂಗಗಳನ್ನು ಮಾಡಿ, ಮರದ ಪೆಟ್ಟಿಗೆಗಳಲ್ಲಿ ತುಂಬಿ ಹಡಗಿಗೆ ಏರಿಸಿದರಂತೆ. ಅದಾವುದೂ ನನಗೆ ನೆನಪಿಲ್ಲ. ನನ್ನ ನೆನಪು ಶುರುವಾಗುವುದು 1928ರ ಬೇಸಗೆಯ ಒಂದು ಬೆಳಿಗ್ಗೆ, ಕರಿಹೊಲ ಜಂಕ್ಷನ್ನಿನ ಲೋಕೋ ಶೆಡ್ಡಿನಲ್ಲಿ. ನಲವತ್ತು ದಿನ ಸುತ್ತಿಗೆಯ ಪೆಟ್ಟು ತಿಂದು ಒಂದೇ ಮೈಯಾಗಿದ್ದೆ. ಯಾರೋ ಎಣ್ಣೆಬಟ್ಟೆಗೆ ಕಡ್ಡಿ ಗೀರಿ ನನ್ನ ಬೆಂಕಿಗೂಡಿಗೆ ಎಸೆದರು. ಮಧ್ಯಾಹ್ನದ ಹೊತ್ತಿಗೆ ನನ್ನೊಳಗಿನ ನೀರು ಗುಂಯ್‌ಗುಟ್ಟತೊಡಗಿತು. ಸಂಜೆ ನಾನು ಮೊದಲ ಬಾರಿಗೆ ಉಸಿರು ಬಿಟ್ಟೆ.

ಎಂಜಿನ್ನಿಗೆ ಹಸಿವು ದೊಡ್ಡದೆಂದು ನೋಡಿದವರು ತಿಳಿಯುತ್ತಾರೆ. ಹಸಿವಿಗಿಂತ ಬಾಯಾರಿಕೆ ದೊಡ್ಡದು. ಕಲ್ಲಿದ್ದಲು ತೀರಿದರೆ ನಿಂತಲ್ಲಿ ನಿಲ್ಲುತ್ತೇನೆ, ಅಷ್ಟೆ. ಮೈಯೊಳಗೆ ನೀರು ತೀರಿ ಬೆಂಕಿ ಉಳಿದರೆ ಮಾತ್ರ ನಾನು ಕೊಲ್ಲುತ್ತೇನೆ. ಆದ್ದರಿಂದಲೇ ಡ್ರೈವರನ ಕಣ್ಣೆದುರಿಗೆ ಒಂದು ಗಾಜಿನ ನಳಿಗೆಯನ್ನು ನಿಲ್ಲಿಸಿರುತ್ತಾರೆ. ಬಾಯ್ಲರಿನೊಳಗೆ ನೀರು ಎಲ್ಲಿಯವರೆಗೆ ಇದೆಯೋ ಆ ಗಾಜಿನಲ್ಲಿಯೂ ಅಲ್ಲಿಯವರೆಗೆ ಕಾಣುತ್ತದೆ. ಎಂಜಿನ್ ಮೇಲೆ ನಿಂತವರ ಪ್ರಾಣ ಹೆಬ್ಬೆರಳಿನಷ್ಟು ದಪ್ಪದ ಆ ನಳಿಗೆಯಲ್ಲಿ ಇರುತ್ತದೆ.

ಕರಿಹೊಲದ ಬಾವಿಗಳ ನೀರು ಸವಳು. ಆ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಕಟ್ಟುವುದಿಲ್ಲ. ಅದೇ ನೀರನ್ನು ದಿನಕ್ಕೆ ಸಾವಿರಾರು ಗ್ಯಾಲನ್ ಕುಡಿದು ಕುದಿಸಿದರೆ ಹೊಟ್ಟೆಯೊಳಗೆ ಸುಣ್ಣ ಕಟ್ಟುತ್ತದೆ. ಮೊದಲು ಪುಡಿ, ಆಮೇಲೆ ಪದರ, ಆಮೇಲೆ ಕಲ್ಲು. ಅದಕ್ಕಾಗಿ ಹದಿನೈದು ದಿನಕ್ಕೊಮ್ಮೆ ನನ್ನನ್ನು ಒಂದು ಪೂರ್ತಿ ದಿನ ಆರಲು ಬಿಟ್ಟು, ಕೆಳಗಿನ ಕೆಸರು ಬಾಗಿಲುಗಳನ್ನು ತೆಗೆದು, ಉದ್ದನೆಯ ಸರಳುಗಳಿಂದ ಕೆರೆದು, ಪೈಪು ಬಿಟ್ಟು ತೊಳೆಯುತ್ತಿದ್ದರು. ತೊಳೆದ ಮೇಲೆ ಪೇಂಟರ್ ಬಂದು ನನ್ನ ಪಕ್ಕೆಯ ಮೇಲೆ ಬಿಳಿ ಬಣ್ಣದಲ್ಲಿ ಆ ದಿನದ ತಾರೀಖು ಬರೆಯುತ್ತಿದ್ದ. ಎಂಜಿನ್ ಏರುವ ಪ್ರತಿಯೊಬ್ಬನೂ ಮೆಟ್ಟಿಲ ಮೇಲೆ ಕಾಲಿಡುವ ಮುನ್ನ ಆ ತಾರೀಖನ್ನು ಓದುವುದು ಶೆಡ್ಡಿನ ಪದ್ಧತಿ. ನಲವತ್ತು ವರ್ಷಗಳ ಕಾಲ ನನ್ನ ಪಕ್ಕೆಯ ಮೇಲೆ ಒಂದೇ ಒಂದು ಸುಳ್ಳು ತಾರೀಖು ಬಿದ್ದಿರಲಿಲ್ಲ.

ನನ್ನ ಹರೆಯದ ಕೊನೆಯ ಜೋಡಿ ಡ್ರೈವರ್ ದಸ್ತಗೀರ್ ಮತ್ತು ಫೈರ್‌ಮನ್ ಭರಮಪ್ಪ. ಆಗ ಎಂಜಿನ್ನಿಗೊಂದು ಜೋಡಿ ಎಂಬ ಕಟ್ಟಳೆಯಿತ್ತು. ಬೇರೆಯವರ ಎಂಜಿನ್ ಏರುವುದೆಂದರೆ ಬೇರೆಯವರ ಚಪ್ಪಲಿ ಮೆಟ್ಟಿದಂತೆ ಮುಜುಗರಪಡುತ್ತಿದ್ದರು. ದಸ್ತಗೀರ್ ದಪ್ಪ ದನಿಯ, ದೊಡ್ಡ ನಗೆಯ ಮನುಷ್ಯ. ಭರಮಪ್ಪ ಇಪ್ಪತ್ತಾರರ ತೆಳ್ಳನೆಯ ಆಳು. ನಾಲ್ಕು ಸಲಿಕೆ ಕಲ್ಲಿದ್ದಲು ಹಾಕಿದರೆ ಒಮ್ಮೆ ಗಾಜಿನ ಕಡೆ ನೋಡುತ್ತಿದ್ದ. ನೋಡಿ ಸುಮ್ಮನಾಗದೆ ಗಾಜಿನ ಕೆಳಗಿನ ತಿರುಪು ಬಿಟ್ಟು ಅದರೊಳಗಿನ ನೀರನ್ನು ಹಾರಿಸಿ, ಬಾಯ್ಲರಿನ ನೀರು ಮತ್ತೆ ಅದರಲ್ಲಿ ಚಿಮ್ಮಿ ಏರುವುದನ್ನು ಕಂಡ ಮೇಲೆಯೇ ಸಲಿಕೆ ಹಿಡಿಯುತ್ತಿದ್ದ.

"ಏ ಭರಮ್ಯಾ, ಆ ಗಾಜಿನ್ನ ಎಷ್ಟ ಸಲ ನೋಡ್ತಿಯೋ? ಹೆಂಡತಿ ಮಾರಿ ಇಷ್ಟ ನೋಡಿದ್ರ ಆಕಿ ಕುಣದಾಡ್ತಿದ್ಲು," ಎಂದು ದಸ್ತಗೀರ್ ಕೆಣಕುತ್ತಿದ್ದ.

"ಆಕಿ ಸಿಟ್ಟಾದ್ರ ಒಂದ ಹೊತ್ತಿನ ರೊಟ್ಟಿ ಹೋಗತೈತ್ರಿ ಉಸ್ತಾದ. ಈಕಿ ಸಿಟ್ಟಾದ್ರ ಜೀವಾನ ಹೋಗತೈತಿ."

ಆ ಹೆಂಡತಿಯ ಹೆಸರು ಫಕೀರವ್ವ. ಹಳಿಯ ಪಕ್ಕದ ಕ್ವಾರ್ಟರ್ಸಿನಲ್ಲಿ ಅವಳ ಮನೆ. ಆ ಸಾಲಿನ ಹೆಂಗಸರಿಗೆ ಗಡಿಯಾರ ಬೇಕಿರಲಿಲ್ಲ. ತಮ್ಮ ತಮ್ಮ ಗಂಡಂದಿರ ಎಂಜಿನ್ನಿನ ಸಿಳ್ಳೆ ಅವರಿಗೆ ಗೊತ್ತಿತ್ತು. ನನ್ನ ಸಿಳ್ಳೆಯ ಅಂಚು ಯಾವಾಗಲೋ ಬಡಿಸಿಕೊಂಡು ಸೀಳಿತ್ತಾದ್ದರಿಂದ ನನ್ನ ಕೂಗು ಕೊನೆಯಲ್ಲಿ ಎರಡಾಗಿ ಒಡೆಯುತ್ತಿತ್ತು. ದೂರದ ಸಿಗ್ನಲ್ ಬಳಿ ನಾನು ಕೂಗಿದರೆ ಫಕೀರವ್ವ ಒಲೆಯ ಮೇಲೆ ಹಂಚು ಇಡುತ್ತಿದ್ದಳು. ಭರಮಪ್ಪ ಕೈಕಾಲು ತೊಳೆದು ಬರುವಷ್ಟರಲ್ಲಿ ಮೊದಲ ರೊಟ್ಟಿ ಉಬ್ಬಿರುತ್ತಿತ್ತು.

1968ರ ಫೆಬ್ರುವರಿಯಲ್ಲಿ ಹತ್ತಿಯ ಸಾಗಾಟ ಜೋರಾಯಿತು. ದಿನಕ್ಕೆ ಎರಡು, ಮೂರು ಗಾಡಿ ಹತ್ತಿಯ ದೊಡ್ಡ ಮೂಟೆಗಳು. ನನ್ನನ್ನು ತೊಳೆಯುವ ದಿನ ಬಂತು, ಹೋಯಿತು. ಎರಡನೆಯ ಸಲವೂ ಹೋಯಿತು. ಗಾಜಿನಲ್ಲಿ ನೀರು ಮೊದಲಿನಂತೆ ಚಿಮ್ಮದೆ ಮುದುಕನ ಹಾಗೆ ನಿಧಾನಕ್ಕೆ ಏರತೊಡಗಿತು. ದಸ್ತಗೀರ್ ದುರಸ್ತಿ ಪುಸ್ತಕದಲ್ಲಿ ಮೂರು ಬಾರಿ ಬರೆದ: ಗಾಜಿನ ನೀರು ಮಂದ, ಬಾಯ್ಲರ್ ತೊಳೆಯಬೇಕು. ಮೂರು ಬಾರಿಯೂ ಅದರ ಎದುರಿಗೆ ಫೋರ್‌ಮನ್ ಚಿಟಗುಪ್ಪಿ 'ನೋಡಲಾಯಿತು' ಎಂದು ಬರೆದು ಸಹಿ ಹಾಕಿದ. ಕೊನೆಗೆ ಭರಮಪ್ಪನೇ ಅವನ ಮುಂದೆ ಹೋಗಿ ನಿಂತ.

"ಸಾಹೇಬ್ರ, ಗಾಡಿ ತೊಳಿಬೇಕ್ರಿ. ನೀರು ಸೋಮಾರಿ ಆಗೇತಿ."

"ತೊಳಕೋತ ಕುಂತ್ರ ಹತ್ತಿ ಯಾರ ಒಯ್ಬೇಕೋ? ನಿಮ್ಮಪ್ಪ ಬೆನ್ನಮ್ಯಾಲೆ ಹೊತಗೊಂಡ ಹೋಗ್ತಾನೇನು?"

ಫೋರ್‌ಮನ್ನನ ಸುತ್ತ ನಿಂತಿದ್ದವರು ನಕ್ಕರು. ಆ ನಗೆ ನನಗೆ ಇನ್ನೂ ಕೇಳಿಸುತ್ತದೆ.

ಮಾರ್ಚ್ ಏಳರಂದು ನನ್ನನ್ನು ಬೆಣಚಿಹಳ್ಳಕ್ಕೆ ಕಳಿಸಿದರು. ಅಲ್ಲಿ ಹೊಸ ಹಳಿ ಹಾಸುತ್ತಿದ್ದರು. ಜಲ್ಲಿಯ ಗಾಡಿಗಳನ್ನು ಹಿಂದಕ್ಕೂ ಮುಂದಕ್ಕೂ ಎಳೆಯುವುದು ನನ್ನ ಕೆಲಸ. ಆ ಒಂಬತ್ತು ದಿನ ನನ್ನನ್ನು ನಡೆಸಿದವರು ಬೇರೆ ಜೋಡಿ. ದಸ್ತಗೀರನನ್ನೂ ಭರಮಪ್ಪನನ್ನೂ ಅರವತ್ತು ಮೈಲಿ ಆಚೆಯ ಇನ್ನೊಂದು ಶೆಡ್ಡಿಗೆ ಬದಲಿ ಕೆಲಸಕ್ಕೆ ಹಾಕಿದ್ದರು. ಫಕೀರವ್ವನ ತವರು ಬೆಣಚಿಹಳ್ಳವೇ. ಚೊಚ್ಚಲ ಹೆರಿಗೆಗೆಂದು ಅವಳು ಅಲ್ಲಿಗೇ ಬಂದಿದ್ದಳು. ಹನ್ನೆರಡನೆಯ ತಾರೀಖು ಬೆಳಿಗ್ಗೆಯಿಂದ ಅವಳಿಗೆ ನೋವು. ಪ್ರತಿಯೊಂದು ಸಲ ಕದಲುವಾಗಲೂ ಕೂಲಿಗಳಿಗೆ ಎಚ್ಚರಿಕೆಯಾಗಿ ನಾನು ಕೂಗಬೇಕಿತ್ತು. ನನ್ನ ಒಡಕು ಕೂಗನ್ನು ಕೇಳಿ ಅವಳು ಗಂಡ ಬಂದಿದ್ದಾನೆಂದು ತಿಳಿದು ತಾಯಿಯನ್ನು ನನ್ನತ್ತ ಕಳಿಸಿದಳು. ಆ ತಾಯಿ ನನ್ನ ಮೆಟ್ಟಿಲ ಬಳಿ ಬಂದು, ತಲೆಯೆತ್ತಿ ನೋಡಿ, ಅಪರಿಚಿತ ಮುಖಗಳನ್ನು ಕಂಡು ಹಿಂದಿರುಗಿದಳು. ಮಧ್ಯಾಹ್ನಕ್ಕೆ ಹೆಣ್ಣು ಹುಟ್ಟಿತು. ಇಡೀ ದಿನ ನಾನು ಅಲ್ಲಿಯೇ ಇದ್ದೆ, ಕೂಗುತ್ತಲೇ ಇದ್ದೆ. ಓದುಗರು ಇದನ್ನು ಮರೆಯಬಾರದು.

ಹದಿನಾರರಂದು ನಾನು ಶೆಡ್ಡಿಗೆ ಮರಳಿದೆ. ತೊಳೆಯಲು ಒಂದು ದಿನ ಬೇಕು. ಮರುದಿನವೇ ಹತ್ತಿ ಗಾಡಿ ಹೊರಡಬೇಕು. ಫೋರ್‌ಮನ್ ಚಿಟಗುಪ್ಪಿ ಪೇಂಟರ್ ಕಾಶೀಮನನ್ನು ಕರೆದ.

"ಇದಕ್ಕ ತಾರೀಖ ಬರಿ."

"ತೊಳದೇ ಇಲ್ಲಲ್ರಿ ಸಾಹೇಬ್ರ?"

"ನೀ ಬಣ್ಣ ಹಚ್ಚಾಂವ ಅದಿಯೋ, ತೊಳಿಯಾಂವ ಅದಿಯೋ?"

"ಯಾವ ತಾರೀಖ ಹಾಕ್ಲಿ?"

ಚಿಟಗುಪ್ಪಿ ಬೆರಳು ಎಣಿಸಿದ. ಹದಿನೈದು ದಿನದೊಳಗೆ ಬೀಳುವ, ನೋಡುವವರಿಗೆ ತೀರ ಹೊಸದೆನಿಸದ ಒಂದು ದಿನ ಬೇಕಿತ್ತು. "ಹನ್ನೆರಡು ಹಾಕು," ಎಂದ. ಆ ದಿನ ನಾನು ಶೆಡ್ಡಿನಲ್ಲಿಯೇ ಇರಲಿಲ್ಲ ಎಂಬುದನ್ನು ನೆನಪಿಸಿಕೊಳ್ಳುವ ಶ್ರಮವನ್ನೂ ಅವನು ತೆಗೆದುಕೊಳ್ಳಲಿಲ್ಲ. ಸುಳ್ಳು ಹೇಳುವುದರಲ್ಲಿಯೂ ಅಷ್ಟು ಸೋಮಾರಿತನ! ಕಾಶೀಮನ ಕುಂಚ ತಣ್ಣಗೆ ನನ್ನ ಪಕ್ಕೆಯ ಮೇಲೆ ಹರಿಯಿತು: 12-3-68.

ಮರುದಿನ ಬೆಳಿಗ್ಗೆ ನನ್ನ ಜೋಡಿ ಬಂತು. ಮಗಳು ಹುಟ್ಟಿದ ಸುದ್ದಿ ಭರಮಪ್ಪನಿಗೆ ತಲುಪಿತ್ತು. ಶೆಡ್ಡಿನಲ್ಲೆಲ್ಲ ಸಕ್ಕರೆ ಹಂಚಿದ್ದ. ಹದಿಮೂರನೆಯ ದಿನ ತೊಟ್ಟಿಲಿಗೆ ಹೋಗುವವನಿದ್ದ. ಮೆಟ್ಟಿಲ ಮೇಲೆ ಕಾಲಿಡುವ ಮುನ್ನ ಪದ್ಧತಿಯಂತೆ ನನ್ನ ಪಕ್ಕೆಯನ್ನು ನೋಡಿದ.

"ಅಂತೂ ತೊಳದ್ರಪಾ! ನೋಡ್ರಿ ಉಸ್ತಾದ, ನಡುವ ಒಂದಿನ ಕರಸಿ ತೊಳದಾರ."

"ನಿನ್ನ ಕಿರಿಕಿರಿ ತಡೀಲಾರದ ತೊಳದಿರಬೇಕು," ಎಂದ ದಸ್ತಗೀರ್.

ಆ ನಾಲ್ಕು ದಿನಗಳ ನನ್ನ ಸ್ಥಿತಿಯನ್ನು ಹೇಗೆ ಹೇಳಲಿ? ಗಾಜಿಗೆ ನೀರು ಬರುವ ದಾರಿಯಲ್ಲಿ ಸುಣ್ಣ ಬೆಳೆಯುತ್ತಿತ್ತು. ಭರಮಪ್ಪ ತಿರುಪು ಬಿಟ್ಟರೆ ನೀರು ಇನ್ನೂ ಮಂದವಾಗಿ ಏರುತ್ತಿತ್ತು. ತೊಳೆಯದ ಎಂಜಿನ್ ಆಗಿದ್ದರೆ ಅವನು ಆ ಕ್ಷಣವೇ ಬೆಂಕಿ ಎಳೆದುಹಾಕುತ್ತಿದ್ದ. ಈಗ ಅವನು ನನ್ನ ಪಕ್ಕೆಯನ್ನು ನಂಬಿದ. ಸೋರದಿರಲೆಂದು ತಿರುಪಿಗೆ ಹೊಸದಾಗಿ ದಾರ ಸುತ್ತಿರಬೇಕು, ಬಿಗಿಯಾಗಿದೆ, ಅದಕ್ಕೇ ನೀರು ನಿಧಾನ, ಎಂದುಕೊಂಡ. ಅವನನ್ನು ಮೋಸಗೊಳಿಸಿದ್ದು ನನ್ನ ಮೈಮೇಲಿನ ಬರಹ. ಇಂದಿಗೂ ನನ್ನ ಮೈ ನನಗೆ ಹೇಸಿಗೆಯಾಗುವುದು ಅದಕ್ಕೇ.

ಇಪ್ಪತ್ತೊಂದರ ಮಧ್ಯಾಹ್ನ ಮೂರು ಗಂಟೆ. ಗುಡ್ಡದ ಏರು, ಹಿಂದೆ ಹತ್ತಿ ತುಂಬಿದ ಇಪ್ಪತ್ತೆರಡು ಡಬ್ಬಿ. ಗಾಜಿನಲ್ಲಿ ಅರ್ಧ ನೀರು ಕಾಣುತ್ತಿತ್ತು. ಅದು ಭರಮಪ್ಪ ಕೊನೆಯ ಸಲ ತಿರುಪು ಬಿಟ್ಟು ನೋಡಿದ ಮೇಲೆ ದಾರಿ ಕಟ್ಟಿಹೋಗಿ ನಳಿಗೆಯಲ್ಲಿ ಸಿಕ್ಕಿಕೊಂಡ ನೀರು. ನನ್ನ ಹೊಟ್ಟೆಯಲ್ಲಿ ನೀರು ಬೆಂಕಿಗೂಡಿನ ತಲೆಗಿಂತ ಕೆಳಗೆ ಇಳಿದುಹೋಗಿತ್ತು. ಅಂಥ ಹೊತ್ತಿನಲ್ಲಿ ಕರಗಿ ಬೆಂಕಿಗೆ ಉಗಿ ಸುರಿಯಲೆಂದು ಅಲ್ಲಿ ಒಂದು ಸೀಸದ ಬಿರಡೆ ಇರುತ್ತದೆ. ಅದು ಕರಗಿತು, ಅದರ ಮೇಲೆ ಕಟ್ಟಿದ್ದ ಕಲ್ಲು ಕರಗಲಿಲ್ಲ. ನನಗೆ ಎಲ್ಲವೂ ತಿಳಿಯುತ್ತಿತ್ತು. ಕೂಗಲು ಸಿಳ್ಳೆಯೂ ಇತ್ತು. ಅದರ ಸರಪಳಿ ಮಾತ್ರ ದಸ್ತಗೀರನ ಕೈಯಲ್ಲಿತ್ತು, ಮತ್ತು ದಸ್ತಗೀರ್ ಅರ್ಧ ನೀರು ನೋಡುತ್ತ ನಿಶ್ಚಿಂತನಾಗಿದ್ದ.

ಭರಮಪ್ಪ ಸಲಿಕೆ ತುಂಬಿಕೊಂಡು ಬೆಂಕಿಗೂಡಿನ ಬಾಗಿಲು ತೆರೆದ. ಆಗಲೇ ಬೆಂಕಿಗೂಡಿನ ತಲೆ ಕುಸಿದು, ಕುದಿಯುವ ಉಗಿ ಆ ಬಾಗಿಲಿನಿಂದ ಹೊರನುಗ್ಗಿತು.

ನಾನು ಅವನನ್ನು ಕೊಂದೆ. ಇನ್ನೊಂದು ಪದ ಹುಡುಕುವುದಿಲ್ಲ. ದಸ್ತಗೀರ್ ಹೊರಗೆ ಎಸೆಯಲ್ಪಟ್ಟು, ಸುಟ್ಟ ಮುಖದೊಂದಿಗೆ ಉಳಿದ.

ಮರುದಿನ ಬೆಳಿಗ್ಗೆ, ವಿಚಾರಣೆಯ ಸಾಹೇಬರು ಬರುವುದಕ್ಕೆ ಎರಡು ಗಂಟೆ ಮೊದಲು ಚಿಟಗುಪ್ಪಿ ಬಂದ. ಗಾಜನ್ನು, ತಿರುಪುಗಳನ್ನು, ಅವುಗಳ ಹಿಂದಿನ ದಾರಿಯನ್ನು ತಾನೇ ಕೈಯಾರೆ ಕೆರೆದು ಹೊಸದು ಕೂರಿಸಿದ. ಆಮೇಲೆ ಸಾಹೇಬರು ಬಂದು ನೋಡಿದರು: ಗಾಜು ಸರಿಯಿದೆ, ದುರಸ್ತಿ ಪುಸ್ತಕದಲ್ಲಿ 'ನೋಡಲಾಯಿತು' ಎಂಬ ಸಹಿಯಿದೆ, ಪಕ್ಕೆಯ ಮೇಲೆ ತೊಳೆದ ತಾರೀಖಿದೆ, ಹಾಗಿದ್ದರೆ ನೀರು ನೋಡದೆ ಬೆಂಕಿ ಹಾಕಿದವನದೇ ತಪ್ಪು. ಫೋಟೋ ತೆಗೆದರು, ತಾರೀಖು ಚೆನ್ನಾಗಿ ಕಾಣುವಂತೆ. ಗಾಜಿನಲ್ಲಿ ಅರ್ಧ ನೀರಿತ್ತೆಂದು ದಸ್ತಗೀರ್ ಆಸ್ಪತ್ರೆಯ ಮಂಚದಿಂದ ಹೇಳಿದ. ಸತ್ತ ಜೊತೆಗಾರನನ್ನು ಉಳಿಸಲು ಹೇಳುತ್ತಿದ್ದಾನೆ ಎಂದು ಬರೆದುಕೊಂಡರು. ಕೆಲವು ವರ್ಷಗಳ ನಂತರ ಅವನೂ ತೀರಿಕೊಂಡ. ಚಿಟಗುಪ್ಪಿ ಮಾಲೆ ಹಾಕಿಸಿಕೊಂಡು, ಭಾಷಣ ಮಾಡಿಸಿಕೊಂಡು ನಿವೃತ್ತನಾದ. ನನ್ನ ಎದುರಿಗೇ ನಡೆಯಿತು ಆ ಸಮಾರಂಭ; ನನ್ನ ಮೂತಿಯ ಬಫರು ತೊಲೆಯ ಮೇಲೆ ಚಹದ ಕಪ್ಪುಗಳನ್ನು ಇಟ್ಟಿದ್ದರು.

ನನ್ನನ್ನು ಕೆಟ್ಟ ಎಂಜಿನ್ ಎಂದು ಶೆಡ್ಡಿನ ಹಿಂದಕ್ಕೆ ತಳ್ಳಿದರು. ಫಕೀರವ್ವನಿಗೆ 'ದಯೆಯ ಮೇಲೆ' ಖಲಾಸಿಯ ಕೆಲಸ ಕೊಟ್ಟರು. ಬೂದಿಗುಂಡಿಯಿಂದ ಬೂದಿ ಎಳೆಯುವುದು, ಬೇರೆ ಎಂಜಿನ್‌ಗಳ ಬಾಯ್ಲರ್ ತೊಳೆಯುವುದು. ಮೊದಮೊದಲು ಅವಳು ನನ್ನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಎಷ್ಟೋ ವರ್ಷಗಳ ಮೇಲೆ ನನ್ನ ನೆರಳಿನಲ್ಲಿ ಕುಳಿತು ಬುತ್ತಿ ಬಿಚ್ಚತೊಡಗಿದಳು. ಒಮ್ಮೆ ಮಾತ್ರ ನನ್ನ ಗಾಲಿಯ ಮೇಲೆ ಅಂಗೈ ಇಟ್ಟು, "ಹೆಂಗ ನೀರ ನೋಡದ ಇದ್ದಾರು ಅವರು?" ಎಂದಳು. ತಪ್ಪು ಗಂಡನದೇ ಎಂದು ಅವಳೂ ನಂಬಿಬಿಟ್ಟಿದ್ದಳೋ ಏನೋ. ಪಕ್ಕೆಯ ಮೇಲಿನ ತಾರೀಖು ಆಗಲೇ ಮಸಿ, ತುಕ್ಕುಗಳ ಕೆಳಗೆ ಹೂತುಹೋಗಿತ್ತು. ಅವಳು ಅದನ್ನು ನೋಡಿರಲೇ ಇಲ್ಲ.

ಬ್ರಾಡ್‌ಗೇಜಿನ ದೊಡ್ಡ ಹಳಿ ಬಂದಿತು, ಉಗಿ ಹೋಯಿತು, ಶೆಡ್ ಮುಚ್ಚಿತು. ನನ್ನ ಜೊತೆಯವರನ್ನೆಲ್ಲ ಗುಜರಿಯವರು ಗ್ಯಾಸಿನ ಬೆಂಕಿಯಿಂದ ಕೊಯ್ದು ಲಾರಿಗೆ ತುಂಬಿದರು. ನನ್ನ ಸರದಿ ಬಂದಾಗ ಅಡ್ಡ ನಿಂತವರು ನಿವೃತ್ತ ಗಾರ್ಡ್ ಸಾಲ್ಡಾನ್ಹಾ. ಕರಾವಳಿಯ ಆ ಮನುಷ್ಯ ಊರಿಗೆ ಮರಳದೆ ಕರಿಹೊಲದಲ್ಲೇ ಉಳಿದಿದ್ದರು.

"ಇದನ್ನು ಮುಟ್ಟಬೇಡಿ ಮಾರಾಯ್ರೆ. ಇದು ಎಂಜಿನ್ ಅಲ್ಲ, ನೀರಿನ ಟಾಂಕಿ. ಪಟ್ಟಿಯಲ್ಲಿ ಹಾಗೇ ಬರ್ದದೆ."

"ಗಾಲಿ ಅದಾವಲ್ರಿ ಇದಕ್ಕ?" ಎಂದ ಗುಜರಿಯವನು.

"ಹೌದು, ಗಾಲಿ ಇರುವ ಟಾಂಕಿ. ನಿಮ್ಮೂರಲ್ಲಿ ನೋಡ್ಲಿಲ್ವಾ?"

ಪಟ್ಟಿಯಲ್ಲಿ ಹಾಗೆ ಬರೆದವರು ಅವರೇ. ನನ್ನ ಬಾಳಿನಲ್ಲಿ ನನ್ನ ಪರವಾಗಿ ಬರೆದ ಸುಳ್ಳು ಅದೊಂದೇ.

ಹೀಗೆ 1999ರಲ್ಲಿ ಖಾಲಿ ಶೆಡ್ಡು ಮ್ಯೂಸಿಯಂ ಆಯಿತು. ಸಾಲ್ಡಾನ್ಹಾ ಮನೆಮನೆಗೆ ಹೋಗಿ ಕೈದೀಪ, ಟಿಕೇಟಿನ ಯಂತ್ರ, ಸ್ಟೇಷನ್ನಿನ ಗಂಟೆ, ಮುಂದಿನ ಹಳಿ ಖಾಲಿಯಿದೆಯೆಂದು ಡ್ರೈವರನಿಗೆ ಕೊಡುವ ಬೆತ್ತದ ಬಳೆಯ ಟೋಕನ್ ಎಲ್ಲವನ್ನೂ ಬೇಡಿ ತಂದರು. ಶೆಡ್ ಮುಚ್ಚಿದಾಗಲೇ ನಿವೃತ್ತಿ ಪಡೆದಿದ್ದ ಫಕೀರವ್ವ ಕಸ ಗುಡಿಸಲು ಬಂದಳು. ಭಾನುವಾರ ಬಾಗಿಲು ತೆರೆದಿರುತ್ತಿತ್ತು. ಒಂದು ವಸ್ತುವಿಗೂ ವಿವರದ ಹಲಗೆ ಇರಲಿಲ್ಲ. "ಓದುದಕ್ಕೆ ಪುಸ್ತಕ ಉಂಟು. ಇಲ್ಲಿ ಮುಟ್ಟಿ ನೋಡಿ," ಎನ್ನುತ್ತಿದ್ದರು ಅವರು. ಹದಿನಾಲ್ಕು ವರ್ಷ ನಾನು ನೆಮ್ಮದಿಯಿಂದ ಇದ್ದೆ.

ಅವರು ತೀರಿಕೊಂಡ ಮೇಲೆ ಮ್ಯೂಸಿಯಂ ರೈಲ್ವೆ ಇಲಾಖೆಯ ಕೈಗೆ ಹೋಯಿತು. ಇಪ್ಪತ್ತು ರೂಪಾಯಿ ಟಿಕೇಟು, ಅಂಗಳದಲ್ಲಿ ಮಕ್ಕಳ ರೈಲು, ನನ್ನ ಮುಂದೆ ಫೋಟೋ ತೆಗೆಸಿಕೊಳ್ಳಲು ನೆಲದ ಮೇಲೆ ಎರಡು ಪಾದಗಳ ಗುರುತು. ಮೇಲ್ವಿಚಾರಕರಾಗಿ ಇನಾಮತಿ ಎಂಬುವರು ಬಂದರು. ಕೆಟ್ಟ ಮನುಷ್ಯನಲ್ಲ, ಕಾಗದದಲ್ಲಿ ಇದ್ದುದೇ ನಡೆದದ್ದು ಎಂದು ನಂಬುವ ಮನುಷ್ಯ. ಅವರು ಹಳೆಯ ಕಡತ ತೆಗೆದು, ಓದಿ, ನನ್ನ ಪಕ್ಕದಲ್ಲಿ ಹಲಗೆ ನೆಡಿಸಿದರು. ಅದರ ಕೊನೆಯ ಸಾಲು ಹೀಗಿತ್ತು: '1968ರಲ್ಲಿ ಫೈರ್‌ಮನ್ ಭರಮಪ್ಪನ ಅಜಾಗರೂಕತೆಯಿಂದ ಬಾಯ್ಲರಿನ ನೀರು ಬತ್ತಿ ಅಪಘಾತ ಸಂಭವಿಸಿ, ಈ ಎಂಜಿನ್ ಸೇವೆಯಿಂದ ನಿವೃತ್ತವಾಯಿತು.'

ಮೊದಲ ಭಾನುವಾರವೇ ಒಬ್ಬ ತಂದೆ ಆ ಸಾಲನ್ನು ಮಗಳಿಗೆ ಗಟ್ಟಿಯಾಗಿ ಓದಿ ಹೇಳಿದ: "ನೋಡು, ಕೆಲಸದಾಗ ಲಕ್ಷ್ಯ ಇಲ್ಲಂದ್ರ ಹಿಂಗ ಆಗತೈತಿ." ಎರಡು ಮಾರು ದೂರದಲ್ಲಿ ಫಕೀರವ್ವ ಕಸಬರಿಗೆ ಹಿಡಿದು ನಿಂತಿದ್ದಳು. ಗಂಡ ಸತ್ತಾಗ ಒಂದು ಕಡತದಲ್ಲಿ ಮುಚ್ಚಿಟ್ಟಿದ್ದ ಅವಮಾನವನ್ನು ನಲವತ್ತೆಂಟು ವರ್ಷದ ಮೇಲೆ ಹಿತ್ತಾಳೆಯ ಚೌಕಟ್ಟು ಹಾಕಿ ನಿಲ್ಲಿಸಿದ್ದರು. ದಿನಾ ಬೆಳಿಗ್ಗೆ ಅದರ ಧೂಳು ಒರೆಸುವ ಕೆಲಸವೂ ಅವಳದೇ.

ಮುಂದಿನ ತಿಂಗಳು ನನಗೆ ಹೊಸ ಬಣ್ಣ. ಪರವೂರಿನ ಪೇಂಟರ್ ಆ ವಿಚಾರಣೆಯ ಫೋಟೋವನ್ನು ಎದುರಿಗಿಟ್ಟುಕೊಂಡು, ಇದ್ದದ್ದನ್ನು ಇದ್ದಂತೆಯೇ ಬರೆದ. ಸಂಖ್ಯೆ ಬರೆದ, ಪಟ್ಟೆ ಎಳೆದ. ಕೊನೆಗೆ ಪಕ್ಕೆಯ ಮೇಲೆ ಬಿಳಿ ಬಣ್ಣದಲ್ಲಿ ಅದೇ ತಾರೀಖು. ಚಿಟಗುಪ್ಪಿ ಒಮ್ಮೆ ಬರೆಸಿದ ಸುಳ್ಳನ್ನು ಇತಿಹಾಸ ಎಂಬ ಹೆಸರಿನಲ್ಲಿ ಎರಡನೆಯ ಸಲ ನನ್ನ ಮೈಮೇಲೆ ಬರೆದರು. ಅಂದು ನನ್ನ ಬೆಂಕಿಗೂಡಿನಲ್ಲಿ ಒಂದು ಕಿಡಿಯಿದ್ದಿದ್ದರೂ ಸಾಕಿತ್ತು.

ಮರುದಿನ ಫಕೀರವ್ವ ನನ್ನ ಪಕ್ಕೆ ಒರೆಸುತ್ತ ಬಂದು ಅಲ್ಲಿ ನಿಂತಳು. ಇಪ್ಪತ್ತೈದು ವರ್ಷಕ್ಕೂ ಮಿಕ್ಕಿ ಬಾಯ್ಲರ್ ತೊಳೆದವಳಿಗೆ ಆ ಬರಹ ಏನೆಂದು ಯಾರೂ ಹೇಳಬೇಕಿರಲಿಲ್ಲ. ತುಟಿ ಅಲುಗಿಸಿ ಓದಿದಳು. ಇನ್ನೊಮ್ಮೆ ಓದಿದಳು. ಒದ್ದೆ ಬಟ್ಟೆ ಕೈಯಲ್ಲಿದ್ದಂತೆಯೇ ಇನಾಮತಿಯವರ ಕೋಣೆಗೆ ನಡೆದು ಅವರನ್ನು ಕರೆತಂದಳು.

"ಸಾಹೇಬ್ರ, ಇದು ಸುಳ್ಳ ತಾರೀಖು. ಅವತ್ತ ಈ ಗಾಡಿ ಬೆಣಚಿಹಳ್ಳದಾಗಿತ್ತು."

"ಫೋಟೋದಾಗ ಇದ್ದಂಗ ಬರಸೀವಿ ಫಕೀರವ್ವ. ಇತಿಹಾಸ ಐತಿ ಅದು."

"ಫೋಟೋ ತಗದಾಂವ ಖರೆ ತಗದಾನ. ಬರದಾಂವ ಸುಳ್ಳ ಬರದಾನ. ಆವತ್ತ ನಾ ಹಡದೇನ್ರಿ. ಇಡೀ ದಿನ ಇದರ ಸಿಳ್ಳಿ ಕೇಳಿಕೋತ ಹಡದೇನಿ. ಅಲ್ಲಿದ್ದ ಗಾಡೀನ ಇಲ್ಲಿ ಹೆಂಗ ತೊಳದ್ರು?"

"ಸಾಕ್ಷಿ ಏನೈತ್ರಿ?"

"ನನ್ನ ಕಿವಿ."

"ಕಿವಿ ಕಾಗದ ಅಲ್ಲಲ್ರಿ ಯವ್ವ. ಮ್ಯಾಲಿನವರು ಕೇಳಿದ್ರ ನಾ ಏನ ತೋರಿಸ್ಲಿ?"

"ತೊಳದಿದ್ರ ಖಾಲಿ ಇರತೈತಿ," ಎಂದಳು ಫಕೀರವ್ವ. ಇನಾಮತಿಯವರಿಗೆ ಅರ್ಥವಾಗಲಿಲ್ಲ. ನನಗೆ ಆಯಿತು. ಚಿಟಗುಪ್ಪಿ ಅಂದು ಕೆರೆದದ್ದು ಗಾಜಿನ ದಾರಿಯನ್ನು ಮಾತ್ರ. ನನ್ನ ಹೊಟ್ಟೆಯ ತಳಕ್ಕೆ ಅಂದಿನಿಂದ ಯಾರೂ ಕೈ ಹಾಕಿರಲಿಲ್ಲ.

ಅವಳು ಅವಸರ ಮಾಡಲಿಲ್ಲ. ನಾಲ್ಕು ದಿನ, ಒರೆಸುವ ನೆಪದಲ್ಲಿ, ತುಕ್ಕು ಸಡಿಲಾಗಲೆಂದು ನನ್ನ ಕೆಸರು ಬಾಗಿಲಿನ ನಟ್ಟಿಗೆ ಡೀಸೆಲ್ ಕುಡಿಸಿದಳು. ಐದನೆಯ ದಿನ ಭಾನುವಾರ. ಜನ ತುಂಬಿದ್ದರು. ಅವಳು ಖಲಾಸಿಯ ಹಳೆಯ ನೀಲಿ ಅಂ‌ಗಿಯನ್ನು ಸೀರೆಯ ಮೇಲೆ ತೊಟ್ಟು, ನಟ್ಟು ಬಿಚ್ಚುವ ಎರಡು ಕೈಯುದ್ದದ ಪಾನಾ ಹಿಡಿದು ಬಂದಳು. ಹಿಂದೆ ಬುಟ್ಟಿ ಹೊತ್ತುಕೊಂಡು ಮಗಳು ಹುಲಿಗೆವ್ವ. ಆ ದಿನ ಹುಟ್ಟಿದವಳಿಗೆ ಈಗ ತಲೆ ನರೆತಿತ್ತು.

ಅರವತ್ತೆಂಟರ ಮುದುಕಿ ಪಾನಾ ಹಾಕಿ ಮೈಯೆಲ್ಲ ಭಾರ ಬಿಟ್ಟಳು. ನಟ್ಟು ಅಲುಗಲಿಲ್ಲ. ಮಗಳೂ ಕೈ ಕೊಟ್ಟಳು. ನಾನು ಕಬ್ಬಿಣ, ನನ್ನಿಷ್ಟದಿಂದ ಏನೂ ಆಗದು. ಆದರೂ ಬಯಸಿದೆ. ನಟ್ಟು ಕಿರ್ರೆಂದು ತಿರುಗಿತು. ಬಾಗಿಲು ಕಳಚಿ ಬಿತ್ತು. ಅವಳು ಸರಳು ತೂರಿಸಿ ಎಳೆದಳು.

ಕಲ್ಲು ಬಿತ್ತು. ಅಂಗೈಯಗಲದ, ಮೂರು ಬೆರಳು ದಪ್ಪದ, ಬೂದುಬಣ್ಣದ ಸುಣ್ಣದ ಚಪ್ಪಡಿಗಳು ಒಂದರ ಮೇಲೊಂದು ನೆಲಕ್ಕೆ ಸುರಿದವು. ಬುಟ್ಟಿ ತುಂಬಿತು. ಇನ್ನೊಂದು ತುಂಬಿತು. ಮೂರನೆಯದನ್ನು ಅವಳು ಹಲಗೆಯ ಬುಡದಲ್ಲಿಯೇ ಸುರಿದಳು. ಫೋಟೋ ತೆಗೆಸಿಕೊಳ್ಳುತ್ತಿದ್ದವರು ಪಾದದ ಗುರುತಿನಿಂದ ಇಳಿದು ಬಂದು ಸುತ್ತ ನಿಂತರು.

ಇನಾಮತಿಯವರು ಓಡಿ ಬಂದರು. "ಏನ ಮಾಡಾಕತ್ತೀರಿ ಫಕೀರವ್ವ? ಸರಕಾರದ ವಸ್ತು ಐತಿ ಅದು!"

"ತೊಳಿಯಾಕತ್ತೇನ್ರಿ," ಎಂದಳು ಅವಳು. "ತೊಳದ ಗಾಡಿ ಐತೆಲ್ರಿ ಇದು? ಹನ್ನೆರಡಕ್ಕ ತೊಳದಿದ್ರ, ಒಡಿಯೂತನಕ ಒಂಬತ್ತ ದಿನದಾಗ ಇಷ್ಟ ಕಲ್ಲ ಕಟ್ಟತಾವೇನ್ರಿ? ಹಿಡಕೊಂಡ ನೋಡ್ರಿ. ಹಿಡ್ರಿ ಅಂತೇನಿ!"

ಅವರು ಹಿಡಿದರು. ಒಂದು ಕೈಯಲ್ಲಿ ಕಲ್ಲು. ಎದುರಿಗೆ ನನ್ನ ಪಕ್ಕೆಯ ಮೇಲೆ ಅವರೇ ಬರೆಸಿದ ತಾರೀಖು. ಕಲ್ಲಿನ ಅಂಚಿನ ಪದರಗಳನ್ನು ಉಗುರಿನಿಂದ ಎಣಿಸಿದರು.

ಮರುದಿನ ಮೇಲಿನ ಕಚೇರಿಯಿಂದ ಫೋನು ಬಂತು. ಪ್ರದರ್ಶನದ ವಸ್ತುವಿನಿಂದ ಏನನ್ನೇ ಹೊರತೆಗೆದರೂ ನಿಯಮ ಎರಡು: ಅದನ್ನು ಮ್ಯೂಸಿಯಮ್ಮಿನ ವಸ್ತುವೆಂದು ದಾಖಲಿಸಬೇಕು, ಇಲ್ಲವೇ ತೆಗೆದವರ ಮೇಲೆ ಹಾನಿಯ ದೂರು ಕೊಡಬೇಕು. ಹಲಗೆಯ ಸಾಲನ್ನು ಅಳಿಸುವ ಅಧಿಕಾರ ಇನಾಮತಿಯವರಿಗೆ ಇಲ್ಲ. ಅವರು ಫೋನು ಕೆಳಗಿಟ್ಟು, ದಾಖಲೆಯ ನಮೂನೆ ತೆಗೆದುಕೊಂಡು, ನನ್ನ ಮೆಟ್ಟಿಲ ಮೇಲೆಯೇ ಕುಳಿತರು. ಫಕೀರವ್ವ ಎದುರಿಗೆ ನೆಲದ ಮೇಲೆ ಕುಳಿತಳು.

"ವಸ್ತು: ಬಾಯ್ಲರಿನ ಸುಣ್ಣದ ಕಲ್ಲು," ಎಂದು ಗಟ್ಟಿಯಾಗಿ ಹೇಳುತ್ತ ಬರೆದರು. "ಎಲ್ಲಿಂದ: ಎಂಜಿನ್ ಮುನ್ನೂರ ಹದಿನೇಳು. ಕಟ್ಟಿದ ಕಾರಣ..." ಪೆನ್ನು ನಿಂತಿತು.

"ಬರೀರಿ," ಎಂದಳು ಅವಳು.

ಅವರು ಬರೆದರು: ಅಪಘಾತಕ್ಕೆ ಮುನ್ನ ಬಾಯ್ಲರ್ ತೊಳೆಯದೆ ತೊಳೆದಂತೆ ತಾರೀಖು ಹಾಕಿದ್ದರಿಂದ.

"ಇನ್ನೊಂದ ಐತಿ. ಕೊಟ್ಟವರ ಹೆಸರು. ನಿಮ್ಮ ಹೆಸರ ಬರೀಲೇನ್ರಿ?"

"ಬ್ಯಾಡ. ಫೈರ್‌ಮನ್ ಭರಮಪ್ಪ ಅಂತ ಬರೀರಿ."

"ಅವರು ತೀರಿಕೊಂಡಾರಲ್ರಿ."

"ತೀರಿಕೊಂಡ ಕೊಟ್ಟಾರ."

ಈಗ ಆ ಕಲ್ಲುಗಳು ನನ್ನ ಎದುರಿನ ಗಾಜಿನ ಪೆಟ್ಟಿಗೆಯಲ್ಲಿವೆ, ಆ ಹೆಸರಿನ ಚೀಟಿಯೊಂದಿಗೆ. ಹಲಗೆಯೂ ಅಲ್ಲಿಯೇ ಇದೆ. ಅದನ್ನು ಯಾರು ತಿದ್ದಬೇಕೆಂಬ ಪತ್ರಗಳು ಊರಿಂದೂರಿಗೆ ಓಡಾಡುತ್ತಿವೆ. ನಾನು ಶಾಂತವಾಗಿದ್ದೇನೆಂದು ಹೇಳಿದರೆ ಅದೂ ಒಂದು ಸುಳ್ಳಾದೀತು. ಆ ಸಾಲು ಅಳಿಯುವವರೆಗೆ ನನಗೆ ಶಾಂತಿ ಬೇಡ. ಬಾಗಿಲು ತೆರೆದ ಕೂಡಲೇ ಜನ ಹಲಗೆಯ ಕಡೆ ನಡೆಯುತ್ತಾರೆ. ಆಗ ಫಕೀರವ್ವ ಕಸಬರಿಗೆಯನ್ನು ಅಡ್ಡ ಹಿಡಿಯುತ್ತಾಳೆ.

"ಆ ಕಡೆ ಆಮ್ಯಾಲೆ ಹೋಗೂರಂತ," ಎನ್ನುತ್ತಾಳೆ. "ಮೊದಲ ಇಲ್ಲಿ ಬರ್ರಿ."